ಹಾವು ಹುಡುಕಿಕೊಂಡು ಹೋಗುವವರ ನಡುವೆ

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಚಳಿ ಹಿಂದೆಗೆದು ಬಿಸಿಲು ಮುಖ ತೋರಿಸುವ ಮಾರ್ಚ್ ತಿಂಗಳಿನಿಂದ ಮೊದಲ್ಗೊಂಡು ಬೇಸಿಗೆ ಬಲಿಯುವವರೆಗೆ, ಶನಿವಾರ ಭಾನುವಾರಗಳಂದು ಬುತ್ತಿ ಕಟ್ಟಿಕೊಂಡು, ಮಕ್ಕಳಿಗೆ ಬೂಟು ಹಾಕಿಸಿಕೊಂಡು, ಹಾವು ಮತ್ತು ಓತಿಗಳನ್ನು ನೋಡಲೆಂದೇ ಬಯಲಿಗೆ ಹೊರಡುವ ಸಂಸಾರಗಳಿವೆ. ಅಡ್ಡಾಡಲು ಹೋದಾಗ ಅಕಸ್ಮಾತ್ತಾಗಿ ಹಾವು ಕಾಣುವ ಮಾತಲ್ಲ ಇದು. ಹಾವಿಗಾಗಿಯೇ ಹೋಗುವುದು, ಕಾಣದಿದ್ದರೆ ಬೇಸರಪಟ್ಟುಕೊಂಡು ಮನೆಗೆ ಬರುವುದು. ಕೆಲಸದ ಸಲುವಾಗಿ ಸರ್ರೆ ಕೌಂಟಿಗೆ ಬಂದು ನೆಲೆಸಿದ ಮೇಲೆ ನಮ್ಮ ಮನೆಯವರೂ ಈ ಗುಂಪಿಗೆ ಸೇರಿದ್ದೇವೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಹಾವು ಕಂಡರೆ ಸಂತೋಷಪಡುವುದು ಅಭ್ಯಾಸದಿಂದ ಬಂದದ್ದೇ ಹೊರತು ರಕ್ತಗತವಾಗಿ ಬಂದದ್ದಲ್ಲ. ಊರಿಗೆ ಹೋದಾಗಲೆಲ್ಲ ಗೆಳೆಯರು ಕೇಳುವುದುಂಟು, ನಮ್ಮಲ್ಲೂ ಇಂಥದ್ದೊಂದು ಏಕೆ ಶುರುವಾಗಬಾರದು ಎಂದು. ಹೌದು ಎಂದೂ ಬೇಡ ಎಂದೂ ಒಟ್ಟೊಟ್ಟಿಗೆ ಹೇಳಬೇಕಾಗಿರುವುದರಿಂದ, ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಇಲ್ಲಿನ ನೆಲದ ಲೆಕ್ಕವನ್ನು ನೋಡಬೇಕು. ಇಡೀ ಬ್ರಿಟನ್ನಿನ ನೆಲದ ಮೇಲೆ ಮೂಲತಃ ಬದುಕುವ ಸರೀಸೃಪಗಳು ಆರೇ ಆರು ಬಗೆಯವು. ಮೂರು ಹಾವು: ಅಡ್ಡರ್, ಗ್ರಾಸ್ ಸ್ನೇಕ್, ಸ್ಮೂತ್ ಸ್ನೇಕ್. ಮೂರು ಓತಿಯ ಜಾತಿ: ಕಾಮನ್ ಲಿಜರ್ಡ್, ಸ್ಯಾಂಡ್ ಲಿಜರ್ಡ್, ಮತ್ತು ಕಾಲಿಲ್ಲದೆ ಹಾವಿನಂತೆಯೇ ಕಾಣುವ ಸ್ಲೋ ವರ್ಮ್. ಹಿಮಯುಗ ಕಳೆದು ಹಿಮ ಕರಗಿದ ಮೇಲೆ ಯುರೋಪಿನಿಂದ ನಿಧಾನವಾಗಿ ತೆವಳಿಕೊಂಡು ಬಂದ ಪ್ರಾಣಿಗಳಲ್ಲಿ, ಸಮುದ್ರವೇರಿ ದಾರಿ ಮುಚ್ಚುವುದಕ್ಕೆ ಮುಂಚೆ ದಾಟಿದವು ಇಷ್ಟೇ. ಪಕ್ಕದ ಐರ್ಲೆಂಡಿಗೆ ಹಾವು ತಲುಪಲೇ ಇಲ್ಲ. ಅಲ್ಲಿ ಮೂಲನಿವಾಸಿ ಎನ್ನಬಹುದಾದ ನೆಲದ ಸರೀಸೃಪ ಒಂದೇ ಒಂದು ಓತಿ. ಆರರಲ್ಲಿ ವಿಷವಿರುವುದು ಅಡ್ಡರ್ ಒಂದಕ್ಕೆ ಮಾತ್ರ. 1876ರಿಂದ ಈಚೆಗೆ ಬ್ರಿಟನ್ನಿನಲ್ಲಿ ಅದು ಕಚ್ಚಿ ಸತ್ತವರೆಂದು ದಾಖಲಾಗಿರುವುದು ಹದಿನಾಲ್ಕು ಮಂದಿ, ಕೊನೆಯ ಸಾವು 1975ರಲ್ಲಿ, ಐದು ವರ್ಷದ ಮಗುವಿನದು. ಇಲ್ಲಿನ ಸಂಸಾರಗಳು ನೆಮ್ಮದಿಯಾಗಿ ಹಾವು ನೋಡಲು ಹೋಗುವುದರ ಹಿಂದೆ ಈ ಸಂಖ್ಯೆಯಿದೆ ಎನ್ನುವುದನ್ನು ಮರೆತು, ಇಂಗ್ಲಿಷರಿಗೆ ಪ್ರಾಣಿಗಳ ಮೇಲೆ ನಮಗಿಂತ ಹೆಚ್ಚಿನ ಪ್ರೀತಿ ಎಂದು ತೀರ್ಪು ಕೊಡುವವರನ್ನು ನಾನು ಒಪ್ಪುವುದಿಲ್ಲ.

ಹುಡುಕುವ ಕ್ರಮ ಮಾತ್ರ ನಿಜಕ್ಕೂ ಸೊಗಸಾಗಿದೆ. ಹಾವೂ ಓತಿಯೂ ಮೈಗೆ ಬೇಕಾದ ಬಿಸಿಯನ್ನು ಹೊರಗಿನಿಂದಲೇ ಪಡೆಯಬೇಕಾದ್ದರಿಂದ, ಈ ತಣ್ಣನೆಯ ದೇಶದಲ್ಲಿ ಅವುಗಳ ದಿನಚರಿಯೆಲ್ಲ ಬಿಸಿಲಿನ ಸುತ್ತಲೇ ನಡೆಯುತ್ತದೆ. ಸುಡುವ ಬಿಸಿಲು ಬಿದ್ದ ದಿನ ಅವು ಬೇಗ ಕಾವೇರಿ ಪೊದೆಯೊಳಗೆ ಸೇರಿಬಿಡುತ್ತವೆ. ಮಳೆಯ ದಿನ ಹೊರಗೆ ಬರುವುದೇ ಇಲ್ಲ. ಗಾಳಿ ತಣ್ಣಗಿದ್ದು, ಬಿಸಿಲು ಮೋಡದ ಮರೆಯಿಂದ ಬಂದು ಹೋಗುತ್ತಿರುವ ವಸಂತದ ಬೆಳಿಗ್ಗೆ, ಒಂಬತ್ತು ಗಂಟೆಯಿಂದ ಹನ್ನೊಂದರವರೆಗಿನ ಹೊತ್ತು ಅತ್ಯುತ್ತಮ. ಹೆದರ್ ಎಂಬ ಕುಳ್ಳ ಗಿಡವೂ ಹಳದಿ ಹೂವಿನ ಗಾರ್ಸ್ ಮುಳ್ಳೂ ಬೆಳೆದ ಮರಳುಮಣ್ಣಿನ ಬಯಲುಗಳಲ್ಲಿ, ದಕ್ಷಿಣಕ್ಕೆ ಮುಖಮಾಡಿದ ಇಳಿಜಾರನ್ನು ನೋಡಿಕೊಂಡು, ಪೊದೆಯ ಬುಡಕ್ಕೂ ದಾರಿಗೂ ನಡುವಿನ ಒಣಹುಲ್ಲಿನ ಅಂಚಿನ ಮೇಲೆ ಕಣ್ಣಿಟ್ಟು, ಸದ್ದಿಲ್ಲದೆ ಹೆಜ್ಜೆಯಿಡಬೇಕು. ನಮ್ಮ ನೆರಳು ಪ್ರಾಣಿಯ ಮೇಲೆ ಬೀಳದಂತೆ ಸೂರ್ಯನನ್ನು ಲೆಕ್ಕ ಹಾಕಿಕೊಂಡು ನಡೆಯಬೇಕು. ಮಕ್ಕಳು ಓಡುವಂತಿಲ್ಲ, ಕಾಲು ಅಪ್ಪಳಿಸುವಂತಿಲ್ಲ, ಏಕೆಂದರೆ ನೆಲದ ಅದುರು ಹಾವಿಗೆ ನಮಗಿಂತ ಮೊದಲೇ ಸುದ್ದಿ ಮುಟ್ಟಿಸುತ್ತದೆ. ಸರ್ರೆಯ ಥರ್ಸ್ಲಿ ಕಾಮನ್‌ನಲ್ಲಿ ಜೌಗಿನ ಮೇಲೆ ಹಾಸಿದ ಹಲಗೆಯ ಕಾಲುದಾರಿಯಿದೆ. 2020ರ ಬೆಂಕಿಯಲ್ಲಿ ಆ ಬಯಲಿನ ದೊಡ್ಡ ಭಾಗ ಸುಟ್ಟುಹೋಗಿ, ದಾರಿಯನ್ನು ಮತ್ತೆ ಕಟ್ಟಬೇಕಾಯಿತು. ಆ ಹಲಗೆಗಳ ಅಂಚಿನಲ್ಲಿ ಕಾಮನ್ ಲಿಜರ್ಡ್‌ಗಳು ಮೈಯನ್ನು ಚಪ್ಪಟೆ ಮಾಡಿಕೊಂಡು ಮಲಗುವುದರಿಂದ, ನಡೆಯಲು ಕಲಿತ ಮಗುವಿಗೂ ಮೊಣಕಾಲೂರಿ ತೋರಿಸಬಹುದು. ಬೆರಳಿಗಿಂತ ತುಸು ಉದ್ದದ, ಒಣ ಎಲೆಯ ಬಣ್ಣದ ಈ ಓತಿ ಚಳಿಗೆ ಹೊಂದಿಕೊಂಡ ಬಗೆ ವಿಶೇಷವಾದದ್ದು: ಮೊಟ್ಟೆಯನ್ನು ತಣ್ಣನೆಯ ನೆಲಕ್ಕೆ ಬಿಡದೆ ಹೊಟ್ಟೆಯಲ್ಲೇ ಇಟ್ಟುಕೊಂಡು, ಮರಿಯನ್ನೇ ಹಾಕುತ್ತದೆ. ಆರನ್ನೂ ಒಂದೇ ಕಡೆ ಕಾಣುವ ಆಸೆಯಿದ್ದವರು ಡಾರ್ಸೆಟ್‌ನ ಆರ್ನ್ ಕಡೆಗೆ ಹೋಗುತ್ತಾರೆ. ಅಷ್ಟು ತಾಳ್ಮೆಯಿಲ್ಲದವರಿಗೆ ನ್ಯೂ ಫಾರೆಸ್ಟ್‌ನ ಲಿಂಡ್‌ಹರ್ಸ್ಟ್ ಬಳಿ ಬಯಲಿನಲ್ಲೇ ಆವರಣ ಕಟ್ಟಿ ತೋರಿಸುವ ಸರೀಸೃಪ ಕೇಂದ್ರವಿದೆ.

ಇನ್ನೊಂದು ಉಪಾಯವೆಂದರೆ ತಗಡು. ಎಣಿಕೆಯ ಕೆಲಸ ಮಾಡುವ ಸ್ವಯಂಸೇವಕರು ಅಲೆಅಲೆಯಾದ ತಗಡಿನ ತುಂಡುಗಳನ್ನೋ ಮಾಡಿಗೆ ಹೊದಿಸುವ ಕಪ್ಪು ಹಾಳೆಗಳನ್ನೋ ಹುಲ್ಲಿನ ನಡುವೆ ಅಲ್ಲಲ್ಲಿ ಹಾಸಿಟ್ಟಿರುತ್ತಾರೆ. ಬಿಸಿಲಿಗೆ ಅದು ಕಾಯುತ್ತದೆ; ಅಡಿಯ ಬೆಚ್ಚಗಿನ ಕತ್ತಲಿಗೆ ಪ್ರಾಣಿಗಳು ಬಂದು ಸೇರುತ್ತವೆ. ಸಂಸಾರಗಳಿಗಾಗಿ ಏರ್ಪಡಿಸಿದ ನಡಿಗೆಯಲ್ಲಿ ತಗಡನ್ನು ಎತ್ತುವುದು ಸ್ವಯಂಸೇವಕರು ಮಾತ್ರ, ಉಳಿದವರು ಬಗ್ಗಿ ನೋಡಬಹುದಷ್ಟೆ. ನನ್ನ ಮಗಳು ಮೊದಲು ಕಂಡ ಸ್ಲೋ ವರ್ಮ್ ತಾಮ್ರದ ತಂತಿಯನ್ನು ಉಜ್ಜಿ ಬೆಳಗಿಟ್ಟಂತೆ ಹೊಳೆಯುತ್ತಿತ್ತು. ಬೆನ್ನಿನುದ್ದಕ್ಕೆ ಕೂದಲೆಳೆಯಂಥ ಕಪ್ಪು ಗೆರೆ, ಪಕ್ಕೆಗಳು ಕಪ್ಪು, ಹಾಗಾಗಿ ಹೆಣ್ಣು ಎಂದರು. ಬೆಳಕು ಬಿದ್ದೊಡನೆ ಅದು ರೆಪ್ಪೆ ಮಿಟುಕಿಸಿತು. ಹಾವಿಗೆ ರೆಪ್ಪೆಯಿಲ್ಲ, ಆದ್ದರಿಂದ ಇದು ಹಾವಲ್ಲ ಎಂದು ಪುಸ್ತಕ ತೆರೆಯದೆಯೇ ಅವಳಿಗೆ ಗೊತ್ತಾಯಿತು. ಈ ಪ್ರಾಣಿಯೊಂದು ಕೋಪನ್‌ಹೇಗನ್ನಿನಲ್ಲಿ ಐವತ್ತನಾಲ್ಕು ವರ್ಷ ಸಾಕಣೆಯಲ್ಲಿ ಬದುಕಿದ ದಾಖಲೆಯಿದೆ ಎಂದು ಹೇಳಿದಾಗ, ಅಪ್ಪನಿಗಿಂತ ದೊಡ್ಡದು ಎಂದು ನನ್ನ ಕಡೆ ನೋಡಿದಳು. ತಗಡನ್ನು ಮತ್ತೆ ಇಳಿಸುವಾಗ ಪ್ರಾಣಿ ಅದರಡಿ ಸಿಕ್ಕಿ ನಜ್ಜಾಗದಂತೆ, ಅದನ್ನು ಮೊದಲು ಪಕ್ಕಕ್ಕೆ ಸರಿಯಗೊಟ್ಟು, ಅಂಚನ್ನು ನಿಧಾನವಾಗಿ ಬಿಟ್ಟರು. ಆಮೇಲೆ ಪೆನ್ಸಿಲು ತೆಗೆದು ದಿನಾಂಕ, ಹೊತ್ತು, ಬಿಸಿಲು-ಮೋಡ, ಜಾತಿ, ಗಂಡೋ ಹೆಣ್ಣೋ, ಯಾವ ತಗಡು ಎಂದು ಬರೆದುಕೊಂಡರು. ಕಾನೂನಿನ ಕಟ್ಟೂ ಇದೆ: 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಪ್ರಕಾರ ಆರರಲ್ಲಿ ಯಾವುದನ್ನೂ ಕೊಲ್ಲುವಂತಿಲ್ಲ, ಮಾರುವಂತಿಲ್ಲ, ಸ್ಮೂತ್ ಸ್ನೇಕ್ ಮತ್ತು ಸ್ಯಾಂಡ್ ಲಿಜರ್ಡ್‌ಗಳನ್ನು ಪರವಾನಗಿಯಿಲ್ಲದೆ ಹಿಡಿಯುವುದೂ ಉದ್ದೇಶಪೂರ್ವಕವಾಗಿ ಕೆಣಕುವುದೂ ಅಪರಾಧ.

ಅಪ್ಪಯ್ಯ ಊರಿನಿಂದ ನಮ್ಮಲ್ಲಿಗೆ ಬಂದಿದ್ದ ವಸಂತದಲ್ಲಿ ಅವರನ್ನೂ ಇಂಥ ನಡಿಗೆಗೆ ಕರೆದುಕೊಂಡು ಹೋಗಿದ್ದೆ. ದಾರಿಯಿಂದ ನಾಲ್ಕಾರು ಮಾರು ದೂರದಲ್ಲಿ, ಹೋದ ವರ್ಷದ ಒಣ ಜರೀಗಿಡದ ಮೇಲೆ, ಗಂಡು ಅಡ್ಡರ್ ಒಂದು ಸುರುಳಿ ಸುತ್ತಿಕೊಂಡು ಮಲಗಿತ್ತು. ಬೂದಿಬೆಳ್ಳಿಯ ಮೈ, ಅದರ ಮೇಲೆ ಕಡುಗಪ್ಪಿನ ಅಂಕುಡೊಂಕು ಪಟ್ಟೆ. ನಮ್ಮ ಜೊತೆಗಿದ್ದವರು ದುರ್ಬೀನು ಹಂಚಿಕೊಳ್ಳುತ್ತ, ತಲೆಯ ಮೇಲಿನ ಗುರುತು ಒಂದೊಂದಕ್ಕೆ ಒಂದೊಂದು ಬಗೆಯಾಗಿರುವುದರಿಂದ ಫೋಟೋ ನೋಡಿ ಇಂಥದ್ದೇ ಹಾವೆಂದು ಹೇಳಬಹುದು ಎಂದು ವಿವರಿಸುತ್ತಿರುವಾಗ, ಅಪ್ಪಯ್ಯ ಮಾತಾಡದೆ ಎರಡು ಹೆಜ್ಜೆ ಹಿಂದಕ್ಕೆ ಬಂದು ಮೊಮ್ಮಗಳ ರಟ್ಟೆ ಹಿಡಿದುಕೊಂಡರು. "ಇದು ಮಂಡಲದ ಜಾತಿ ಮಾರಾಯ. ಮೈ ದಪ್ಪ, ಕುತ್ತಿಗೆ ಸಣ್ಣ, ತಲೆ ನೋಡು," ಎಂದರು. ಅವರು ಹೇಳಿದ್ದು ಸರಿ. ಅಡ್ಡರ್ ನಮ್ಮ ಕೊಳಕುಮಂಡಲದ ಕುಟುಂಬಕ್ಕೇ ಸೇರಿದ್ದು. ಎಂದೂ ಕಾಣದ ದೇಶದ ಹಾವನ್ನು, ದುರ್ಬೀನಿಲ್ಲದೆ, ಮೈಕಟ್ಟಿನಿಂದಲೇ ಗುರುತಿಸಿದ ಅವರನ್ನು ನೋಡಿ ಸ್ವಯಂಸೇವಕರಿಗೆ ಆದ ಆಶ್ಚರ್ಯವನ್ನು ನಾನು ಕನ್ನಡಕ್ಕೆ ಹೇಳಿದೆ. ಅಪ್ಪಯ್ಯನವರಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಅವರಿಗೆ ಅರ್ಥವಾಗದೆ ಹೋದದ್ದು ಬೇರೆ. "ನೋಡಿ ಆಯಿತು, ಬರೆದುಕೊಂಡೂ ಆಯಿತು. ಇನ್ನು ಏನು ಮಾಡುತ್ತಾರೆ?" ಎಂದು ಕೇಳಿದರು. ಅಷ್ಟೇ, ಮುಂದಿನ ತಗಡಿಗೆ ಹೋಗುತ್ತಾರೆ ಎಂದೆ.

ಅಡಿಕೆ ತೋಟದ ಮನೆಯಲ್ಲಿ ಬೆಳೆಯುವ ಮಕ್ಕಳಿಗೂ ಹಾವಿನ ವಿಷಯದಲ್ಲಿ ಕಣ್ಣು ತರಬೇತಾಗುತ್ತದೆ, ಆದರೆ ಹಾವು ಸಿಗದಂತೆ ನಡೆಯಲು. ಸೋಗೆಯ ರಾಶಿಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟು, ಸೌದೆ ಕೊಟ್ಟಿಗೆಗೆ ಕತ್ತಲಾದ ಮೇಲೆ ಬರಿಗಾಲಲ್ಲಿ ಹೋಗಬೇಡ, ಮೆಟ್ಟು ಹಾಕುವಾಗ ಕೊಡವಿಕೋ, ದರಗಿನ ಮೇಲೆ ಸದ್ದು ಮಾಡಿಕೊಂಡು ಹೋಗು. ಸದ್ದು ಮಾಡದೆ ನಡೆ ಎಂದು ಇಲ್ಲಿನ ಮಕ್ಕಳಿಗೆ ಹೇಳುವುದಕ್ಕೆ ಇದು ತದ್ವಿರುದ್ಧ. ಅಷ್ಟೇ ಅಲ್ಲ, ಮಲೆನಾಡಿನವರು ಹಾವನ್ನು ಕಣ್ಣಿಗಿಂತ ಮುಂಚೆ ಕಿವಿಯಿಂದ ಕಾಣುತ್ತಾರೆ. ಹಾವಿನ ಬಾಯಿಗೆ ಸಿಕ್ಕ ಕಪ್ಪೆ ಎಳೆದೆಳೆದು ಕೂಗುವ ಕೂಗು ಬೇರೆ, ಮಳೆಗೆ ಕೂಗುವ ಕೂಗು ಬೇರೆ. ಅಳಿಲು ಬಾಲ ಕುಣಿಸುತ್ತ ಒಂದೇ ಕಡೆ ಮುಖ ಮಾಡಿ ಚಿರ್ ಎನ್ನತೊಡಗಿದರೆ, ಪಿಕಳಾರಗಳು ಒಂದೇ ಪೊದೆಯ ಸುತ್ತ ಗಲಾಟೆ ಎಬ್ಬಿಸಿದರೆ, ಅಮ್ಮ ಬಚ್ಚಲ ಕಡೆಯಿಂದಲೇ "ಅಲ್ಲೊಂದು ಹುಳ ಇದೆ, ಆ ಕಡೆ ಹೋಗಬೇಡ" ಎನ್ನುತ್ತಿದ್ದರು. ತೋಳದ ಹಾವಿಗೂ ಕಟ್ಟುಹಾವಿಗೂ, ನೀರೊಳ್ಳೆಗೂ ಕೇರೆಗೂ ವ್ಯತ್ಯಾಸ ಹೇಳಬಲ್ಲವರು ಪ್ರತಿ ಊರಿನಲ್ಲೂ ಇದ್ದಾರೆ. ಇಂಗ್ಲೆಂಡಿನಲ್ಲಿ ಈ ಬಗೆಯ ತಿಳಿವಳಿಕೆ ಕೆಲವೇ ಹವ್ಯಾಸಿಗಳ ಸೊತ್ತು. ನಮ್ಮ ಬೀದಿಯ ಬಹುಪಾಲು ನೆರೆಯವರು ಅಡ್ಡರನ್ನು ಕಣ್ಣಾರೆ ಕಂಡವರೇ ಅಲ್ಲ. ನಮ್ಮ ಕಡೆ ಅದು ಊರೊಟ್ಟಿನ ತಿಳಿವಳಿಕೆ, ಆದರೆ ಬರೆದಿಟ್ಟವರಿಲ್ಲ. ಅಪ್ಪಯ್ಯನವರ ತೋಟದಲ್ಲಿ ಕಾಳಿಂಗ ಕಾಣಿಸಿಕೊಂಡ ವರ್ಷ ಯಾವುದೆಂದು ಕೇಳಿದರೆ, ಕೊಳೆರೋಗ ಜೋರಾಗಿದ್ದ ವರ್ಷ ಎಂಬ ಉತ್ತರ ಬರುತ್ತದೆ.

ಈ ತಪ್ಪಿಸಿಕೊಳ್ಳುವ ಕಣ್ಣನ್ನು ಮೂಢನಂಬಿಕೆ ಎಂದು ಹೀಗಳೆಯುವ ನಗರವಾಸಿಗಳ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಹದಿನೈದು ವರ್ಷ ತುಂಬದ ಮಕ್ಕಳು. ಸಾಯುವವರು ಹೆಚ್ಚಾಗಿ ಹಳ್ಳಿಯವರು, ಬರಿಗಾಲಿನವರು, ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡುವವರು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಕೊಟ್ಟರೆ ನೀರು ಹಾಯಿಸಲು ರಾತ್ರಿಯೇ ಹೋಗಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ವರು ಕೊಲೆಗಡುಕರಲ್ಲಿ ಕಟ್ಟುಹಾವು ಪೂರ್ತಿ ರಾತ್ರಿಯದ್ದು, ಮಂಡಲಗಳೂ ಕತ್ತಲಾದ ಮೇಲೆ ಓಡಾಡುವವು. ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಆದೇಶಿಸಿತು. ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಇದು ಸಂತೋಷದ ಸುದ್ದಿಯೇ, ಆದರೆ ಲೆಕ್ಕವಿಡುವ ಕೆಲಸ ಈಗ ಆರಂಭವಾಗಿದೆ ಎಂಬುದೂ ಅದರ ಅರ್ಥ. ಬೂಟು, ಕಾರು, ದುರ್ಬೀನು ಇರುವ ಸಂಸಾರ ಹಾವು ನೋಡಿ ಸಂತೋಷಪಡುವಾಗ, ಅದೇ ಹಾವಿನ ಪಕ್ಕದಲ್ಲಿ ಬರಿಗಾಲಲ್ಲಿ ಕಳೆ ಕೀಳುವವಳ ಹೆದರಿಕೆಯನ್ನು ಹಗುರವಾಗಿ ಕಾಣುವ ಹಕ್ಕು ಅವರಿಗಿಲ್ಲ.

ಹಾಗೆಂದು ನಮ್ಮ ನಡವಳಿಕೆಯೆಲ್ಲ ಸರಿಯಿದೆ ಎಂದು ವಾದಿಸಲೂ ಆರೆ. ಪಂಚಮಿಯ ದಿನ ಕಲ್ಲಿಗೆ ತನಿ ಎರೆದು, ಮರುದಿನ ತೋಟದಲ್ಲಿ ಕಂಡ ಕೇರೆಹಾವನ್ನು ಹೊಡೆಯುವವರು ನಮ್ಮ ಬಂಧುಗಳಲ್ಲೇ ಇದ್ದಾರೆ. ನಾಗರಹಾವಾದರೆ ದೋಷಕ್ಕೆ ಹೆದರಿ ಬಿಟ್ಟಾರು, ಇಲಿ ತಿಂದು ಉಪಕಾರ ಮಾಡುವ ಕೇರೆಗೆ ಆ ರಕ್ಷಣೆಯಿಲ್ಲ. ಆದರೂ ದೋಷದ ಹೆದರಿಕೆ ಕಾಪಾಡಿಕೊಂಡು ಬಂದದ್ದು ಸಣ್ಣದಲ್ಲ. ಕರಾವಳಿಯ ನಾಗಬನಗಳನ್ನು ನೋಡಿದವರಿಗೆ ಗೊತ್ತು, ಸುತ್ತ ರಬ್ಬರ್ ತೋಟವೋ ಬಡಾವಣೆಯೋ ಎದ್ದಿರುವಾಗ, ಕತ್ತಿ ತಾಗದ ಹಳೆಯ ಮರ, ಬಳ್ಳಿ, ಹುತ್ತ, ತರಗೆಲೆ ಉಳಿದುಕೊಂಡ ತುಂಡು ಕಾಡು ಅದೊಂದೇ ಆಗಿರುತ್ತದೆ. ಇಲ್ಲಿನವರು ಬೇಲಿ ಹಾಕಿ, ಫಲಕ ನೆಟ್ಟು, ದೇಣಿಗೆ ಎತ್ತಿ ಉಳಿಸಿಕೊಳ್ಳುವುದನ್ನು ಅಲ್ಲಿ ಭಕ್ತಿ ಬಿಟ್ಟಿಯಾಗಿ ಮಾಡುತ್ತಿತ್ತು. ಈಗ ಎಷ್ಟೋ ಕಡೆ ಜೀರ್ಣೋದ್ಧಾರದ ಹೆಸರಿನಲ್ಲಿ ಮರ ಕಡಿದು, ಕಾಂಕ್ರೀಟು ಹಾಕಿ, ಟೈಲ್ಸ್ ಕೂರಿಸಿ, ನಾಗನಿಗೆ ಕಟ್ಟೆ ಮಾಡಿ ನಾಗರಹಾವಿಗೆ ಜಾಗವಿಲ್ಲದಂತೆ ಮಾಡಿದ್ದಾರೆ. ಆಗುಂಬೆ ಕಡೆ ಇನ್ನೂ ಬೇರೆ ಮಾತು. 2005ರಲ್ಲಿ ಉರಗತಜ್ಞ ರೊಮುಲಸ್ ವಿಟೇಕರ್ ಅಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಸ್ಥಾಪಿಸುವುದಕ್ಕೂ ಬಹಳ ಮುಂಚಿನಿಂದ, ಹತ್ತು ಹನ್ನೆರಡು ಅಡಿಯ ಕಾಳಿಂಗ ಸರ್ಪ ಅಂಗಳ ದಾಟಿದರೂ ಕೈಯೆತ್ತಿ ಮುಗಿದು ದಾರಿ ಬಿಡುವ ಜನ ಆ ಊರುಗಳಲ್ಲಿದ್ದರು. 2024ರಲ್ಲಿ ಕಾಳಿಂಗವನ್ನು ನಾಲ್ಕು ಪ್ರತ್ಯೇಕ ಪ್ರಭೇದಗಳೆಂದು ವಿಂಗಡಿಸಿದಾಗ, ಪಶ್ಚಿಮ ಘಟ್ಟದ ಹಾವಿಗೆ ಒಫಿಯೊಫಾಗಸ್ ಕಾಳಿಂಗ ಎಂದು ಕನ್ನಡದ ಹೆಸರನ್ನೇ ಇಟ್ಟರು. ಈ ಗೌರವ ಆ ಊರಿನವರಿಗೂ ಸಲ್ಲಬೇಕಾದದ್ದು.

ಇಂಗ್ಲೆಂಡಿನ ಅಚ್ಚುಕಟ್ಟಿನ ಹಿಂದೆಯೂ ತೂತುಗಳಿವೆ. ಸ್ವಯಂಸೇವಕರು 2005ರಿಂದ ವಸಂತಕಾಲದಲ್ಲಿ ಮಾಡಿದ ಅಡ್ಡರ್ ಎಣಿಕೆಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದಾಗ, ಹಾವುಗಳ ಸಣ್ಣ ಗುಂಪಿರುವ ಹೆಚ್ಚಿನ ತಾಣಗಳಲ್ಲಿ ಸಂಖ್ಯೆ ಕುಗ್ಗುತ್ತಿರುವುದೂ, ಇದೇ ಗತಿ ಮುಂದುವರಿದರೆ 2032ರ ಹೊತ್ತಿಗೆ ಅಡ್ಡರ್ ಕೆಲವೇ ಜಾಗಗಳಿಗೆ ಸೀಮಿತವಾಗಬಹುದೆಂಬುದೂ ಹೊರಬಿತ್ತು. ಎಣಿಕೆ ಮಾಡಿದವರು ಕಾರಣವೆಂದು ಹೆಚ್ಚಾಗಿ ಬೆರಳು ತೋರಿಸಿದ್ದು ಸಾರ್ವಜನಿಕರ ಓಡಾಟದಿಂದ ಆಗುವ ತೊಂದರೆಯ ಕಡೆಗೆ: ಹಗ್ಗ ಬಿಚ್ಚಿಬಿಟ್ಟ ನಾಯಿಗಳು, ಮತ್ತು ಹತ್ತಿರದ ಚಿತ್ರಕ್ಕಾಗಿ ಮುಂದೆ ಮುಂದೆ ಹೋಗುವ ಫೋಟೋಗ್ರಾಫರುಗಳು. ಬಿಸಿಲಿಗೆ ಮಲಗಿದ ಹಾವು ಮತ್ತೆ ಮತ್ತೆ ಎದ್ದು ಓಡಬೇಕಾದರೆ ಅದರ ಮೈ ಕಾಯುವುದಿಲ್ಲ, ಮೈ ಕಾಯದಿದ್ದರೆ ಬಸುರಿ ಹಾವಿನ ಹೊಟ್ಟೆಯ ಮರಿ ಬೆಳೆಯುವುದಿಲ್ಲ. ನೋಡುವ ಪ್ರೀತಿಯೂ ಅತಿಯಾದರೆ ಪೆಟ್ಟೇ. ಇದನ್ನು ತಿಳಿದ ಮೇಲೆ, ಅಡ್ಡರ್ ಎಲ್ಲಿ ಕಂಡಿತೆಂದು ಜಾಗದ ಸಮೇತ ಎಲ್ಲರಿಗೂ ಸಾರುವ ಪದ್ಧತಿಯನ್ನು ಇಲ್ಲಿನ ಬಲ್ಲವರು ಬಿಟ್ಟಿದ್ದಾರೆ. ಈ ಬರಹದಲ್ಲೂ ನಾನು ಹೆಸರಿಸಿರುವುದು ಎಲ್ಲರಿಗೂ ಗೊತ್ತಿರುವ ದೊಡ್ಡ ತಾಣಗಳನ್ನು ಮಾತ್ರ.

ನಮ್ಮಲ್ಲಿ ಈಗ ಹುಟ್ಟಿಕೊಂಡಿರುವ ಹಾವಿನ ಮೋಹ ಇದಕ್ಕಿಂತ ಅಪಾಯದ್ದು. ಮನೆಗೆ ಬಂದ ಹಾವನ್ನು ಹಿಡಿದು ಕಾಡಿಗೆ ಬಿಡುವ ಉರಗಪ್ರೇಮಿಗಳಲ್ಲಿ ಗಂಭೀರವಾಗಿ ಕೆಲಸ ಮಾಡುವವರು ಇದ್ದಾರೆ. ಆಗುಂಬೆಯ ಕಡೆ ಕಾಳಿಂಗ ಹಿಡಿಯುವವರು ನೆರೆದ ಜನರಿಗೆ ಹಾವಿನ ಸ್ವಭಾವ ವಿವರಿಸಿ, ದೂರ ಒಯ್ಯದೆ ಆಸುಪಾಸಿನ ಕಾಡಿಗೇ ಬಿಡುವ ಕ್ರಮವನ್ನು ರೂಢಿಸಿದ್ದಾರೆ. ಆದರೆ ಮೊಬೈಲಿನಲ್ಲಿ ಹರಿದಾಡುವ ವಿಡಿಯೋಗಳಲ್ಲಿ ಕಾಣುವುದು ಬೇರೆಯದೇ ಆಟ: ಹೆಡೆಗೆ ಮುತ್ತು ಕೊಡುವುದು, ಕೊರಳಿಗೆ ಹಾಕಿಕೊಳ್ಳುವುದು, ಶಾಲೆಯ ಮಕ್ಕಳ ಕೈಗೆ ಬಾಲ ಕೊಡುವುದು. ಇದರಲ್ಲಿ ಪ್ರಾಣ ಕಳೆದುಕೊಂಡವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾದ ಪ್ರಾಣಿಯನ್ನು ಆಟದ ಸಾಮಾನು ಮಾಡಿಕೊಳ್ಳುವುದು ಕಾನೂನಿಗೂ ವಿರುದ್ಧ. ಪಕ್ಕದ ಕೇರಳದಲ್ಲಿ ಅರಣ್ಯ ಇಲಾಖೆಯೇ ಹಾವು ಹಿಡಿಯುವವರಿಗೆ ತರಬೇತಿ ಕೊಟ್ಟು, ಪ್ರಮಾಣಪತ್ರ ನೀಡಿ, 2020ರಿಂದ ಸರ್ಪ ಎಂಬ ಆ್ಯಪಿನ ಮೂಲಕ ಅವರನ್ನು ಜನರಿಗೆ ಒದಗಿಸುತ್ತಿದೆ. ನಾವು ನೋಡಿ ಕಲಿಯಬೇಕಾದ್ದು ಅಲ್ಲಿಂದ. ಅದಕ್ಕಾಗಿ ಸರ್ರೆಯವರೆಗೆ ಬರಬೇಕಾಗಿಲ್ಲ.

ಹೀಗಾಗಿ, ಕರ್ನಾಟಕದಲ್ಲಿ ಮಕ್ಕಳನ್ನು ಕರೆದುಕೊಂಡು ಹಾವು ಹುಡುಕಲು ಹೋಗುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ. ತಗಡು ಹಾಸುವ ಉಪಾಯವಂತೂ ಖಂಡಿತ ಬೇಡ. ಇಲ್ಲಿ ಅದರಡಿ ಸ್ಲೋ ವರ್ಮ್ ಇರುತ್ತದೆ, ಅಲ್ಲಿ ಕಟ್ಟುಹಾವೋ ಚೇಳೋ ಇದ್ದೀತು. ಬಯಲುಸೀಮೆಯಲ್ಲಿ ಕಲ್ಲು ಮಗುಚುವವರಿಗೆ ಗರಗಸಮಂಡಲ ಎದುರಾಗಬಹುದು. ಆದರೆ ಓತಿಗಳ ವಿಷಯ ಹಾಗಲ್ಲ. ಹಾವಿನ ಹಾಗೆ ವಿಷಕ್ಕೆ ಹೆದರಬೇಕಾದ ಓತಿ ನಮ್ಮ ದೇಶದಲ್ಲಿಲ್ಲ. ಗೋಡೆಯ ಹಲ್ಲಿ, ಬೇಲಿಯ ಓತಿಕ್ಯಾತ, ಮೆಟ್ಟಿಲ ಕೆಳಗಿನ ಹಾವುರಾಣಿ, ಹೊಲದ ಉಡ, ಬಂಡೆಯ ಓತಿ, ಮರದಿಂದ ಮರಕ್ಕೆ ತೇಲುವ ಹಾರುವ ಓತಿ ಎಂದು ಬ್ರಿಟನ್ನಿನ ಒಟ್ಟು ಆಸ್ತಿಯನ್ನು ಮೀರಿಸುವ ಸಂಪತ್ತು ಒಂದೇ ತಾಲ್ಲೂಕಿನಲ್ಲಿ ಸಿಕ್ಕೀತು. ಅವುಗಳಿಗೆ ನಾವು ಕೊಟ್ಟ ಮರ್ಯಾದೆ ಮಾತ್ರ ಕಡಿಮೆ. ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿ ಪಟ್ಟಿಯೇ ಇದೆ, ಬಿದ್ದ ಹಲ್ಲಿ ಯಾವುದೆಂದು ಯಾರೂ ಕೇಳುವುದಿಲ್ಲ. ಗಂಡು ಓತಿಕ್ಯಾತನ ಕೊರಳು ಸಂಗಾತಿಯನ್ನು ಕರೆಯುವ ಕಾಲದಲ್ಲಿ ಕೆಂಪಗಾಗುವುದನ್ನು ಕಂಡು, ದೂರದಿಂದಲೇ ನಮ್ಮ ರಕ್ತ ಹೀರುತ್ತಿದೆ ಎಂದು ನಂಬಿ ಕಲ್ಲು ಹೊಡೆಯುವ ಹುಡುಗರ ಸಂತತಿ ಇನ್ನೂ ನಿಂತಿಲ್ಲ. ಉಡಕ್ಕೆ ಅದರ ಮಾಂಸವೂ ಎಣ್ಣೆಯೂ ಔಷಧಿ ಎಂಬ ನಂಬಿಕೆಯೇ ಮೃತ್ಯು.

ಬೆಂಗಳೂರಿನ ಸಂಸಾರವೊಂದು ರಾಮನಗರ, ಸಾವನದುರ್ಗ, ನಂದಿಬೆಟ್ಟದ ಬಂಡೆಗಳ ಕಡೆ ಬೇಸಿಗೆಯ ಕೊನೆಗೋ ಮುಂಗಾರಿನ ನಡುವೆ ಬಿಸಿಲು ಬಿದ್ದ ದಿನವೋ ಹೋಗಲಿ. ಬಂಡೆಯ ನೆತ್ತಿಯ ಮೇಲೆ ಕಲ್ಲು ಓತಿಯ ಗಂಡು ಮುಂಗಾಲೂರಿ ದಂಡ ಹೊಡೆಯುವುದು ಬರಿಗಣ್ಣಿಗೇ ಕಾಣುತ್ತದೆ. ಹೆಣ್ಣು ಎದುರು ಬಂದರೆ ಅದರ ಬೆನ್ನು ಕೆಂಪಾಗಿ ಪಕ್ಕೆಗಳು ಕಪ್ಪಾಗುತ್ತವೆ; ಎದುರಾಳಿ ಗಂಡು ಬಂದರೆ ಅದೇ ಬೆನ್ನು ಹಳದಿಗೂ ಪಕ್ಕೆಗಳು ಕಿತ್ತಳೆಗೂ ತಿರುಗುತ್ತವೆ, ನಾವು ನೀರು ಕುಡಿದು ಬಾಟಲಿಯ ಮುಚ್ಚಳ ಹಾಕುವಷ್ಟರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಬಣ್ಣಗಳನ್ನು ಅಳೆದು ನೋಡಿದ್ದಾರೆ. ಊರ ಹೊರವಲಯದ ಕಟ್ಟಡಗಳ ನಡುವೆ ಬದುಕುವ ಕಲ್ಲು ಓತಿಗಳು ಅಪಾಯದಿಂದ ಪಾರಾಗುವ ಪಾಠವನ್ನು ಹಳ್ಳಿಗಾಡಿನವುಗಳಿಗಿಂತ ಬೇಗ ಕಲಿಯುತ್ತವೆ ಎಂಬುದನ್ನೂ ತೋರಿಸಿದ್ದಾರೆ. ಮಲೆನಾಡಿನವರಿಗಾದರೆ ಬೆಟ್ಟ ಹತ್ತುವ ಶ್ರಮವೂ ಬೇಡ. ಹಾರುವ ಓತಿ ಇರುವುದೇ ಅಡಿಕೆ ತೋಟದಲ್ಲಿ. ಇರುವೆ ತಿನ್ನುತ್ತ ಕಾಂಡವೇರಿ, ತುದಿ ಮುಟ್ಟಿದೊಡನೆ ಪಕ್ಕೆಲುಬುಗಳನ್ನು ಅಗಲಿಸಿ ಚರ್ಮದ ರೆಕ್ಕೆ ಬಿಚ್ಚಿ ಮುಂದಿನ ಮರದ ಬುಡದ ಕಡೆಗೆ ತೇಲುತ್ತದೆ. ಕೊರಳಿನ ಹಳದಿ ನಾಲಿಗೆಯಂಥ ಚರ್ಮವನ್ನು ಗಂಡು ಬಿಚ್ಚಿ ಮಡಚುವಾಗ ಮಾತ್ರ ಕಾಂಡದ ಮೇಲೆ ಅದಿದೆಯೆಂದು ತಿಳಿಯುತ್ತದೆ, ಇಲ್ಲವಾದರೆ ಕಲ್ಲುಹೂವಿನ ಕಲೆಯೆಂದೇ ಅನ್ನಿಸುತ್ತದೆ.

ಇಲ್ಲಿನ ಕ್ರಮದಿಂದ ತೆಗೆದುಕೊಳ್ಳಬೇಕಾದ್ದು ಮುಟ್ಟದಿರುವುದು, ನೆರಳು ಬೀಳಿಸದಿರುವುದು, ಮತ್ತು ಆ ಪೆನ್ಸಿಲು. ಜಾತಿ ತಿಳಿಯದಿದ್ದರೆ ಫೋಟೋ ತೆಗೆದು ಐ-ನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಕ್ಕೆ ಹಾಕಿದರೆ ಬಲ್ಲವರು ಹೇಳುತ್ತಾರೆ, ದಾಖಲೆಯೂ ಉಳಿಯುತ್ತದೆ. ಊರಿನ ಶಾಲೆಯ ಮಕ್ಕಳು ಒಂದೇ ಬೇಲಿಯ ಓತಿಕ್ಯಾತಗಳನ್ನು ವರ್ಷವಿಡೀ ಎಣಿಸಿದರೂ, ಆ ಬೇಲಿಗೆ ಕಳೆನಾಶಕ ಹೊಡೆದ ಮೇಲೆ ಏನಾಯಿತೆಂದು ಹೇಳುವ ಪುಸ್ತಕ ಅವರ ಕೈಯಲ್ಲಿರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ತೋಟದ ಹಾರುವ ಓತಿಗಳನ್ನು ಎಣಿಸುತ್ತೇನೆಂದು ಮಗಳು ಫೋನಿನಲ್ಲಿ ಅಜ್ಜಯ್ಯನಿಗೆ ತಿಳಿಸಿದ್ದಾಳೆ. ಅಜ್ಜಯ್ಯ ಒಪ್ಪಿದ್ದಾರೆ, ಷರತ್ತುಗಳೊಂದಿಗೆ: ಬೂಟಿಲ್ಲದೆ ತೋಟಕ್ಕೆ ಇಳಿಯುವಂತಿಲ್ಲ, ಸೋಗೆಯ ರಾಶಿಯ ಹತ್ತಿರ ಸುಳಿಯುವಂತಿಲ್ಲ, ಕತ್ತು ಮೇಲೆ ಮಾಡಿದಾಗ ಕಾಲು ಮುಂದಿಡುವಂತಿಲ್ಲ, ಮತ್ತು ಒಂಬತ್ತರ ಮುಂಚೆ ತೋಟದೊಳಗೆ ಬಿಸಿಲು ಇಳಿಯುವುದಿಲ್ಲವಾದ್ದರಿಂದ ತಿಂಡಿ ಮುಗಿಸಿಯೇ ಹೊರಡತಕ್ಕದ್ದು.